ಭಾಲ್ಕಿಯ ಬೀಜದಂಗಡಿಗೆ ನಾನು ಮಾಡಿದ ವಿಡಿಯೊ

ಹೋದ ತಿಂಗಳು ಭಾಲ್ಕಿಗೆ ಹೋಗಿದ್ದೆ. ಸಣ್ಣಪುಟ್ಟ ಅಂಗಡಿ ನಡೆಸುವ ಹತ್ತಿಪ್ಪತ್ತು ಮಂದಿಯನ್ನು ಕೂಡಿಸಿಕೊಂಡು, ಫೋನನ್ನು ನೆಚ್ಚಿ ವ್ಯಾಪಾರ ಮಾಡುವುದು ಹೇಗೆ ಎಂದು ಪಾಠ ಹೇಳುವ ಕೆಲಸ. ಬಸ್ಸಿಳಿದು ನಡೆಯುತ್ತಿದ್ದಾಗ ಒಂದು ಗೋದಾಮಿನ ಮುಂದೆ ಒದ್ದೆಯಾದ ಗೋಣಿಚೀಲಗಳನ್ನು ಬಿಸಿಲಿಗೆ ಹಾಕಿದ್ದರು. ಒದ್ದೆ ಸೆಣಬಿನ ವಾಸನೆ, ಅದರೊಳಗೆ ಹಸಿ ಕಾಳಿನ ಒಗರು. ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಅವತ್ತು ನಾನು ಬರೆದುಕೊಂಡು ಹೋಗಿದ್ದ ಪಾಠವನ್ನೆಲ್ಲ ಪಕ್ಕಕ್ಕಿಟ್ಟು ಅವರಿಗೆ ಒಂದು ಮಿರಗಿನ ಕಥೆಯನ್ನೇ ಹೇಳಿದೆ. ಮಿರಗ ಅಂದರೆ ಮೃಗಶಿರ ಮಳೆ. ನಮ್ಮ ಬೀದರ ಕಡೆ ಅದು ಬಿದ್ದ ಮೇಲೆ ಸೋಯಾ ಬಿತ್ತುತ್ತಾರೆ. ಅಲ್ಲಿ ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ಸಮಾಧಾನವಾಗಿ ಹೇಳುತ್ತೇನೆ.

ಆ ವರ್ಷ ನಾನು ಮೂರು ಕಡೆ ದುಡಿಯುತ್ತಿದ್ದೆ. ಬೀದರದಲ್ಲಿ ಒಂದು ಹಲ್ಲಿನ ದವಾಖಾನೆ, ಒಂದು ಟ್ಯೂಷನ್ ಕ್ಲಾಸು, ಭಾಲ್ಕಿಯಲ್ಲಿ ಮೆಹಬೂಬ ಸಾಬರ ಬೀಜದಂಗಡಿ. ಮೂವರಿಗೂ ವಿಡಿಯೊ ಮಾಡುವುದು, ಬರೆಯುವುದು, ಗ್ರೂಪುಗಳಿಗೆ ಹಾಕುವುದು ನನ್ನ ಕೆಲಸ. ಕೈಗೆ ಬಿಡುವಿಲ್ಲ ಅಂತ ಎಲ್ಲರ ಮುಂದೆ ಹೇಳಿಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮಜ್ಜ ಕಮಠಾಣದಲ್ಲಿ ಮಂದಿಯ ಹೊಲದಲ್ಲಿ ಕೂಲಿ ಮಾಡಿದವನು. ನನ್ನ ಮಕ್ಕಳು, ಮೊಮ್ಮಕ್ಕಳು ಬೇರೆಯವರ ಹೊಲದಲ್ಲಿ ಬಗ್ಗಬಾರದು ಅಂತ ಹಟ ಹಿಡಿದು ಅಪ್ಪನನ್ನು ಓದಿಸಿದ. ಅಪ್ಪ ಅದೇ ಹಟದಿಂದ ನನ್ನನ್ನು ಓದಿಸಿದ. ಹಾಗಾಗಿ ನನಗೆ ಎಲ್ಲ ಗೊತ್ತಿತ್ತು, ಹೊಲ ಒಂದನ್ನು ಬಿಟ್ಟು.

ಮೆಹಬೂಬ ಸಾಬರಿಗೆ ಅರವತ್ತು ದಾಟಿತ್ತು. ಬೀಜ, ಗೊಬ್ಬರ, ಹುಳ ಕೊಲ್ಲುವ ಎಣ್ಣೆ ಮಾರುತ್ತಲೇ ಕೂದಲು ಬೆಳ್ಳಗಾದವರು. ಔರಾದದಲ್ಲಿ ಅವರ ತಮ್ಮ ಇನ್ನೊಂದು ಅಂಗಡಿ ನೋಡಿಕೊಳ್ಳುತ್ತಿದ್ದ. ಮೊದಲ ದಿನವೇ ಅವರು ನನಗೆ ಒಂದು ಮಾತು ಹೇಳಿದರು.

"ನೋಡು ಬೇಟಿ, ದಿನಾ ನನ್ನ ಫೋಟೊ ಹಾಕಿ ಶುಭೋದಯ ಅನ್ನೋದು ಬ್ಯಾಡ. ಅದು ಯಾರೂ ನೋಡಂಗಿಲ್ಲ. ನನ್ನ ಹೆಂಡ್ತಿ ಬಿ ನೋಡಂಗಿಲ್ಲ."

ಅದು ನನ್ನ ಮನಸ್ಸಿನ ಮಾತೇ ಆಗಿತ್ತು. ಗಿರಾಕಿಯ ಬೆನ್ನು ಹತ್ತಬಾರದು, ಅವನಿಗೆ ಕೆಲಸಕ್ಕೆ ಬರುವ ಮಾತು ಹೇಳಿದರೆ ಅವನೇ ಹುಡುಕಿಕೊಂಡು ಬರುತ್ತಾನೆ. ಇನ್‌ಬೌಂಡ್ ಮಾರ್ಕೆಟಿಂಗ್ ಅಂತ ದೊಡ್ಡ ಹೆಸರಿಟ್ಟು ನಾವು ಹೇಳುವುದು ಇಷ್ಟನ್ನೇ. ಅದಕ್ಕೆ ಮೊದಲು ಗಿರಾಕಿ ಏನು ಕೇಳುತ್ತಾನೆ ಅಂತ ತಿಳಿಯಬೇಕಲ್ಲ. ಒಂದು ವಾರ ದುಡ್ಡು ಎಣಿಸುವ ಗಲ್ಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಬಂದವರು ಕೇಳಿದ ಪ್ರಶ್ನೆಗಳನ್ನು ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ನೋಟ್‌ಬುಕ್ಕಿಗೆ ಇಳಿಸಿದೆ. ಈ ಕೆಲಸವನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ. ತಿಂಗಳಿಗಾಗುವಷ್ಟು ವಿಷಯ ಒಂದು ವಾರದಲ್ಲಿ ಸಿಗುತ್ತದೆ, ತಲೆ ಕೆರೆದುಕೊಂಡು ಕೂರುವುದು ತಪ್ಪುತ್ತದೆ.

ಆ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆ ಒಂದೇ. "ಮನಿ ಬೀಜ ಹುಟ್ತಾವೋ ಇಲ್ಲೋ ಹ್ಯಾಂಗ ತಿಳೀತದರಿ?" ಹೋದ ವರ್ಷದ ಬೆಳೆಯಲ್ಲಿ ತೆಗೆದಿಟ್ಟ ಸೋಯಾ ಬಿತ್ತಬಹುದೋ, ಹೊಸ ಚೀಲ ಕೊಳ್ಳಬೇಕೋ ಅನ್ನುವುದು ಅವರ ಚಿಂತೆ. ಇದರ ಮೇಲೇ ಒಂದು ವಿಡಿಯೊ ಮಾಡೋಣ ಅಂದೆ. ಸಾಬರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ಮನಿ ಬೀಜ ನೋಡೋದು ನಾನೇ ಕಲಿಸಿದ್ರ ನನ್ನ ಬೀಜ ಯಾರ್ ಒಯ್ತಾರ?"

"ಕಲಿಸಿದವರ ಅಂಗಡಿಗೇ ಬರ್ತಾರ್ರಿ ಸಾಬ್. ಈ ವರ್ಷ ಅಲ್ಲಂದ್ರ ಮುಂದಿನ ವರ್ಷ ಬರ್ತಾರ. ಔಷಧಕ್ಕ ಬರ್ತಾರ, ಗೊಬ್ಬರಕ್ಕ ಬರ್ತಾರ."

"ಮಾತು ಮಸ್ತ್ ಮಾಡ್ತಿ ನೀ. ಮಾಡು, ನೋಡ್ತೇನಿ," ಅಂದರು. ಡ್ರಾಯರಿನಿಂದ ಬೀಜದ ಬಗ್ಗೆ ಒಂದು ಹಳೇ ಕರಪತ್ರ ತೆಗೆದುಕೊಟ್ಟು, ಇದನ್ನು ಓದಿಕೋ ಅಂದರು. ನಾನು ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಓದಲಿಲ್ಲ. ಮರುದಿನ ಬೆಳಿಗ್ಗೆ ದವಾಖಾನೆಯ ಡಾಕ್ಟರು ಫೋನ್ ಮಾಡಿ ಹೊಸ ಬೋರ್ಡಿಗೆ ಬರಹ ಕೇಳಿದರು, ಟ್ಯೂಷನ್ನಿನವರು ಇವತ್ತೇ ಕರಪತ್ರ ಬೇಕು ಅಂದರು. ಇವೆರಡನ್ನೂ ಮುಗಿಸಿ ಭಾಲ್ಕಿ ಬಸ್ ಹತ್ತಿದಾಗ ಸೋಯಾ ವಿಡಿಯೊದ ಮಾತು ಇನ್ನೂ ಬರೆದಿರಲಿಲ್ಲ. ಹಲಬರ್ಗಾ ಬರುವಷ್ಟರಲ್ಲಿ ಫೋನಿನಲ್ಲೇ ಬರೆದು ಮುಗಿಸಿದೆ. ಕಾಳು ಮೊಳಕೆ ಬರಿಸುವುದು ನನಗೆ ಗೊತ್ತಿಲ್ಲದ್ದೇನೂ ಅಲ್ಲವಲ್ಲ. ಉಸಳಿ ಪಲ್ಯಕ್ಕೆ ಅಂತ ಅವ್ವ ರಾತ್ರಿ ಮಟಕಿ ಕಾಳು ನೀರಿಗೆ ಹಾಕುತ್ತಾಳೆ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟುತ್ತಾಳೆ, ಸಂಜೆಗೆ ಬಾಲ ಮೂಡಿರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಅದನ್ನೇ ಬರೆದೆ: ನೂರು ಕಾಳು ಎಣಿಸಿ ಇಡೀ ರಾತ್ರಿ ನೀರಿನಲ್ಲಿಡಿ, ಬೆಳಿಗ್ಗೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ, ಎಪ್ಪತ್ತಕ್ಕೆ ಕಡಿಮೆ ಹುಟ್ಟಿದರೆ ಆ ಬೀಜ ಬಿತ್ತಬೇಡಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಚಿತ್ರ ತೆಗೆದೆ. ಮೊದಲು ಪುಸ್ತಕದ ಕನ್ನಡದಲ್ಲಿ ದನಿ ಕೊಟ್ಟಿದ್ದೆ. ಆಮೇಲೆ ನನಗೇ ನಗು ಬಂದು ನಮ್ಮ ಮಾತಿನಲ್ಲೇ ಮತ್ತೆ ಹೇಳಿದೆ. ಸಾಬರಿಗೆ ತೋರಿಸಿದಾಗ ಅಂಗಡಿ ತುಂಬ ಗಿರಾಕಿಗಳು. ಅವರು ದನಿ ಬಂದ್ ಇಟ್ಟುಕೊಂಡು ನೋಡಿದರು. ನೂರು ಕಾಳಿನ ಸಾಲು, ಒದ್ದೆ ಗೋಣಿ, ಸುರುಳಿ, ನೆರಳು. ಎಲ್ಲ ಸರಿಯಾಗಿಯೇ ಕಂಡಿತು. ರಾತ್ರಿ ನೀರಿನ ಮಾತು ದನಿಯಲ್ಲಿ ಮಾತ್ರ ಇತ್ತು.

"ಛಲೋ ಅದ, ಬಿಡು," ಅಂದರು.

ಬೆಳಿಗ್ಗೆ ಆರಕ್ಕೆ ಬಿಟ್ಟೆ. ಹೊಲಕ್ಕೆ ಹೋಗುವ ಮುಂಚೆ ಗಂಡಸರು ಚಹಾ ಕುಡಿಯುತ್ತಾ ಫೋನ್ ನೋಡುತ್ತಾರೆ, ಹೆಂಗಸರು ರೊಟ್ಟಿ ಬಡಿಯುತ್ತಾ ಕೇಳುತ್ತಾರೆ. ಅದಕ್ಕೆ ದನಿಯನ್ನಷ್ಟೇ ಬೇರೆ ಮಾಡಿ ಅದನ್ನೂ ಕಳಿಸಿದೆ. ಅದರ ಮಾತನ್ನೇ ದೊಡ್ಡಕ್ಷರದಲ್ಲಿ ಮುದ್ರಿಸಿ ಎರಡೂ ಅಂಗಡಿಯ ಹೊರಗೋಡೆಗೆ ಅಂಟಿಸಿದೆ. ಒಂದು ಸಲ ಮಾಡಿದ್ದನ್ನು ಮೂರು ರೂಪದಲ್ಲಿ ಬಳಸಿದರೆ ಬಿಡುವಿಲ್ಲದವರಿಗೂ ಕೆಲಸ ಸಲೀಸು. ಈ ಉಪಾಯವೂ ತಪ್ಪಲ್ಲ. ಆದರೆ ತಪ್ಪನ್ನು ಮೂರು ರೂಪದಲ್ಲಿ ಕಳಿಸಿದರೆ ಅದೂ ಅಷ್ಟೇ ಸಲೀಸಾಗಿ ಮನೆ ಮನೆ ತಲುಪುತ್ತದೆ ಅಂತ ಆಗ ನನಗೆ ಹೊಳೆಯಲಿಲ್ಲ.

ವಿಡಿಯೊ ಹಬ್ಬಿತು ಅಂದರೆ ಹಬ್ಬಿತು. ಔರಾದದ ಯಾವುದೋ ಮದುವೆ ಮನೆಯ ಗ್ರೂಪಿನಿಂದ ತಿರುಗಿ ನಮ್ಮ ಅತ್ತೆಗೇ ಬಂತು. ನಾನು ಗಂಟೆಗೊಮ್ಮೆ ಎಷ್ಟು ಮಂದಿಗೆ ಮುಟ್ಟಿತು ಅಂತ ನೋಡುತ್ತಿದ್ದೆ. ಯಾರೋ ಒಬ್ಬರು ಕೆಳಗೆ ಕೇಳಿದ್ದರು, ಸೋಯಾನೂ ನೀರಾಗ ಇಡಬೇಕೇನ್ರಿ ಅಂತ. ಹೌದು ಸರ್, ಇಡೀ ರಾತ್ರಿ, ಅಂತ ಉತ್ತರ ಬರೆದು ಕೈಮುಗಿದ ಚಿತ್ರ ಬೇರೆ ಹಾಕಿದ್ದೆ. ಆ ಪ್ರಶ್ನೆಯ ಹತ್ತಿರ ಒಂದು ಗಳಿಗೆ ನಿಂತಿದ್ದರೆ ಸಾಕಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಂಗಡಿಗೆ ಮಂದಿ ಮುಗಿಬಿದ್ದರು. ಮನೆ ಬೀಜ ಸತ್ತಾವ, ಹೊಸದು ಕೊಡ್ರಿ ಅನ್ನುವವರೇ ಎಲ್ಲರೂ. ಸಾಬರು ನನಗೆ ಎಂದೂ ಇಲ್ಲದೆ ಚಹಾದ ಜೊತೆ ಉಸ್ಮಾನಿಯಾ ಬಿಸ್ಕತ್ತು ತರಿಸಿದರು. "ಕಲಿಸಿದ್ರ ಬರ್ತಾರ ಅಂದಿದ್ದಿ. ಖರೆ ಆಯ್ತು ನೋಡು," ಅಂದರು. ನಾನು ನೆಲದಿಂದ ಎರಡು ಗೇಣು ಮೇಲೆ ನಡೆದಾಡಿದೆ.

ಎಂಟು ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಮೋಡ ಕಟ್ಟಿ ಸೆಕೆ ಕುದಿಯುತ್ತಿದ್ದಾಗ, ಹಲಬರ್ಗಾದ ಚಂದ್ರಾಬಾಯಿ ಅಂಗಡಿಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿದ ಮೇಲೆ ಹೊಲ ತಾವೇ ನೋಡುತ್ತಿದ್ದವರು. ಗಿರಾಕಿಗಳು ಕಡಿಮೆಯಾಗುವ ತನಕ ಬಾಗಿಲಲ್ಲೇ ಕಾದು ನಿಂತಿದ್ದು, ಆಮೇಲೆ ಸೆರಗಿನ ಗಂಟು ಬಿಚ್ಚಿ ಗಲ್ಲೆಯ ಮೇಲೆ ಹತ್ತಿಪ್ಪತ್ತು ಸೋಯಾ ಸಸಿ ಇಟ್ಟರು. ಬೇರಿಗೆ ಮಣ್ಣು ಅಂಟಿತ್ತು. ಒಂದೊಂದೂ ಗಟ್ಟಿಮುಟ್ಟಾಗಿತ್ತು.

"ಸಾಬ್, ಒಂದು ಮಾತು ಕೇಳ್ಲಿಕ್ಕೆ ಬಂದೇನಿ. ನಿಮ್ಮ ವಿಡಿಯೊದಾಗ ಹೇಳಿದಂಗ ರಾತ್ರಿ ನೀರಾಗ ಇಟ್ಟು ನೋಡಿದ್ದೆ. ಎಲ್ಲಾ ಕೊಳೆತು ಲೊಳಿ ಲೊಳಿ ಆದವು, ನೂರರಾಗ ಇಪ್ಪತ್ತ್ ಬಿ ಹುಟ್ಟಿಲ್ಲ. ಬೀಜ ಸತ್ತಾವ ಅಂತ ಇದ್ದದ್ದೆಲ್ಲಾ ಅಡತಿಗಿ ಹಾಕಿ ಬಂದೆ. ಚೀಲ ಕಟ್ಟೋ ಮುಂದ ಅಂಗಳದಾಗ ಬಚ್ಚಲ ನೀರು ಹರಿಯೋ ಕಡಿ ಒಂದ್ ಮುಷ್ಟಿ ಚೆಲ್ಲಿದ್ದವು. ಅವು ನೋಡ್ರಿ ಇವು. ನೀರಾಗ ಇಟ್ಟದ್ದು ಸತ್ತಾವ, ನೆಲಕ್ಕ ಬಿದ್ದದ್ದು ಹುಟ್ಟ್ಯಾವ. ಇದು ಹ್ಯಾಂಗ್ರಿ?"

ದೂರುವ ದನಿಯಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಬಂದ ದನಿ. ಸಾಬರು ಸಸಿಗಳನ್ನು ನೋಡಿದರು, ನನ್ನನ್ನು ನೋಡಿದರು.

"ರಾತ್ರಿ ನೀರಾಗ ಇಡು ಅಂತ ಹೇಳಿದ್ದೀಯೇನು ನೀ?"

ನಾನು ಹೂಂ ಅಂದೆ. ಅವರು ಫೋನ್ ತೆಗೆದು, ಮೊದಲ ಸಲ ದನಿ ಹಾಕಿ ಆ ವಿಡಿಯೊ ಕೇಳಿದರು. ನನ್ನ ದನಿ ಅಂಗಡಿಯಲ್ಲೆಲ್ಲ ಎಷ್ಟು ಧೈರ್ಯದಿಂದ ಮಾತಾಡುತ್ತಿತ್ತು ಅಂದರೆ ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಮುಗಿದ ಮೇಲೆ ಸಾಬರು ಮೆಲ್ಲಗೆ ಹೇಳಿದರು. ಸೋಯಾದ ಸಿಪ್ಪೆ ಬಹಳ ತೆಳ್ಳಗೆ, ನೀರಿನಲ್ಲಿ ಮುಳುಗಿಸಿಟ್ಟರೆ ಒಮ್ಮೆಲೇ ನೀರು ಕುಡಿದು ಒಡೆದು ಕೊಳೆಯುತ್ತದೆ. ಒಣ ಕಾಳನ್ನು ಹಾಗೇ ಒದ್ದೆ ಗೋಣಿಯ ಮೇಲಿಟ್ಟು ಸುತ್ತಬೇಕು. ನಾನು ಓದದೆ ಬ್ಯಾಗಿನಲ್ಲಿಟ್ಟುಕೊಂಡಿದ್ದ ಕರಪತ್ರದಲ್ಲೂ ಅದೇ ಇತ್ತು.

ಚಂದ್ರಾಬಾಯಿಯ ಮುಖ ಸಣ್ಣಗಾಯಿತು. ಅವರು ಅಡತಿಗೆ, ಅಂದರೆ ದಲ್ಲಾಳಿ ಅಂಗಡಿಗೆ, ಮಾರಿ ಬಂದದ್ದು ಸುಮ್ಮನೆ ಎತ್ತಿಟ್ಟ ಕಾಳಲ್ಲ. ಪ್ರತಿ ವರ್ಷ ಹೊಲದ ಚೆಂದದ ಮೂಲೆ ನೋಡಿ, ಬೀಜಕ್ಕೆ ಅಂತಲೇ ಬೇರೆ ಕೊಯ್ದು, ಮಶಿನಿಗೆ ಹಾಕದೆ ಕೋಲಿನಿಂದ ಮೆಲ್ಲಗೆ ಬಡಿದು ತೆಗೆದ ಬೀಜ. ಹತ್ತು ವರ್ಷಕ್ಕೂ ಮೇಲೆ ಅವರೇ ಆರಿಸಿಕೊಂಡು ಬಂದದ್ದು.

"ನಮ್ಮ ಅತ್ತಿ ಕಾಲದಿಂದ ಗೋಣಿಯಾಗೇ ನೋಡ್ತಿದ್ವಿ," ಅಂದರು. "ಈ ಸಲ ಓದಿದವ್ರು ಹೇಳ್ಯಾರ ಅಂತ ನೀರಾಗ ಇಟ್ಟೆ."

ಸಾಬರು ಫೋನ್ ಜೇಬಿಗಿಟ್ಟರು. ಆಮೇಲೆ ನನಗೆ, "ಅದು ತೆಗೆದುಬಿಡು. ಬರೋಬ್ಬರಿ ಮಾಡಿ ಹೊಸದು ಹಾಕು. ಮಾತು ಮುಗೀತು," ಅಂದರು. ಅವರ ಭಯ ನನಗೆ ಗೊತ್ತಾಯಿತು. ತಪ್ಪಾಯಿತು ಅಂತ ಹೇಳಿದರೆ, ತನ್ನ ಬೀಜ ಮಾರಲಿಕ್ಕೆ ಸಾಬ ಬೇಕಂತಲೇ ಮಂದಿಯ ಬೀಜ ಕೊಲ್ಲಿಸಿದ ಅನ್ನುತ್ತಾರೆ. ಒಂದು ಜೀವಮಾನದ ಹೆಸರು ಅದು. ಅವರು ತೆಗೆದುಬಿಡು ಅಂದಾಗ ನನಗೆ ಆದದ್ದು ಸಮಾಧಾನ. ಹಾಗೆಯೇ ಮಾಡುತ್ತಿದ್ದೆ ಕೂಡ. ಫೋನ್ ಕೈಗೆ ತೆಗೆದುಕೊಂಡೂ ಆಗಿತ್ತು.

"ಮತ್ತ ಆಗಲೇ ನೀರಾಗ ಇಟ್ಟವ್ರಿಗಿ ಯಾರ್ ಹೇಳ್ತಾರ?" ಅಂತ ಚಂದ್ರಾಬಾಯಿ ಕೇಳಿದರು. "ನಮ್ಮ ಓಣ್ಯಾಗೇ ನಾಕ್ ಮನಿಯವ್ರು ಇಟ್ಟಾರ. ಅವ್ರ ಬೀಜ ಇನ್ನಾ ಮನ್ಯಾಗೇ ಅದಾವ. ನಾಳಿ ಅಡತಿಗಿ ಒಯ್ತಾರ."

ಸಾಬರು ಎದ್ದು ನಮಾಜಿಗೆ ಹೋದರು. ಚಂದ್ರಾಬಾಯಿ ಚೀಲದ ರಾಶಿಗೆ ಒರಗಿ ಕೂತರು. ಸಾಬರು ತಿರುಗಿ ಬಂದವರೇ ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದು ಕೂತರು.

"ತಗೀ ವಿಡಿಯೊ. ನಾನು ಬಿ ಇರ್ತೇನಿ ಅದರಾಗ. ಮಂದಿ ಏನರ ಅನ್ಲಿ."

ಮೊದಲ ಸಲ ನಾನು ಶುರು ಮಾಡಿದ್ದು ಹೀಗೆ: ನಮ್ಮ ಹಿಂದಿನ ವಿಡಿಯೊದಿಂದ ಕೆಲವರಿಗೆ ಗೊಂದಲವಾಗಿದೆ. ಚಂದ್ರಾಬಾಯಿ ಅಲ್ಲೇ ತಡೆದರು.

"ಗೊಂದಲ ಯಾರಿಗಿ ಆಗ್ಯಾದ? ನಮಗೇನ್ ಆಗಿಲ್ಲಲ್ಲ. ನೀವು ಹೇಳಿದಂಗೇ ಮಾಡೇವಿ."

ನಮ್ಮ ಕಸುಬಿನ ನುಣುಪು ಮಾತು ಅಲ್ಲಿಗೆ ನಿಂತಿತು. ಎರಡನೇ ಸಲ, ನನ್ನ ಹೆಸರು ಸುಜಾತಾ, ಆ ವಿಡಿಯೊದಲ್ಲಿ ನಾನು ತಪ್ಪು ಹೇಳಿದ್ದೇನೆ, ನೀರಿನಲ್ಲಿ ಇಟ್ಟ ಕಾಳು ಕೊಳೆತರೆ ಮನೆಯಲ್ಲಿರುವ ಬೀಜ ಸತ್ತಿದೆ ಅಂತಲ್ಲ, ಅಡತಿಗೆ ಹಾಕಬೇಡಿ, ಇನ್ನೊಮ್ಮೆ ನೋಡಿ ಅಂದೆ. ಹೇಗೆ ನೋಡಬೇಕು ಅನ್ನುವುದನ್ನು ಚಂದ್ರಾಬಾಯಿ ಕೈಯಿಂದ ಮಾಡಿ ತೋರಿಸಿ ಹೇಳಿದರು. ನಮ್ಮಲ್ಲಿ ಕೊಂಡು ಇನ್ನೂ ಬಿಚ್ಚದ ಚೀಲ ಯಾರು ತಂದರೂ ತಿರುಗಿ ತೆಗೆದುಕೊಳ್ಳುತ್ತೇನೆ ಅಂತ ಸಾಬರು ಹೇಳಿದರು. ಹೊರಗೋಡೆಯ ಹಾಳೆ ಕಿತ್ತುಹಾಕಿದೆ, ಹಳೆಯದನ್ನು ಕಳಿಸಿದ ಗ್ರೂಪುಗಳಿಗೆಲ್ಲ ಅವತ್ತೇ ಇದನ್ನು ಕಳಿಸಿದೆ, ಕೆಳಗೆ ಪ್ರಶ್ನೆ ಕೇಳಿದ್ದವನಿಗೆ ಬೇರೆಯಾಗಿ ಬರೆದೆ. ತಪ್ಪನ್ನು ಮುಂದಕ್ಕೆ ಕಳಿಸಿದವರೆಲ್ಲ ತಿದ್ದುಪಡಿಯನ್ನೂ ಕಳಿಸುವುದಿಲ್ಲ ಅಂತ ಮರುದಿನ ಗೊತ್ತಾಯಿತು. ಹಾಗಾಗಿ ಆಟೊಗೆ ಮೈಕು ಕಟ್ಟಿಸಿ ಎರಡು ದಿನ ಊರೂರು ಸುತ್ತಿದೆ. ಔರಾದ ಸಂತೆಯಲ್ಲಿ ನಿಂತು ಗಂಟಲು ಬೀಳುವ ತನಕ ಕೂಗಿದೆ.

ಬೈದರು. ಬೈಯದೆ ಏನು ಮಾಡುತ್ತಾರೆ. ಸಾಬರು ಹೆದರಿದ ಮಾತನ್ನೇ ಔರಾದದಲ್ಲಿ ಒಬ್ಬ ಎಲ್ಲರ ಮುಂದೆ ಅಂದ, ಚೀಲ ತಂದು ಬಾಗಿಲಲ್ಲಿ ಎಸೆದು ಹೋದ. ದವಾಖಾನೆಯ ಡಾಕ್ಟರು ನಯವಾಗಿಯೇ, ನೀವು ಸ್ವಲ್ಪ ದಿನ ಬಿಡುವು ತಗೊಳ್ಳಿ ಅಂದರು. ಆ ಬಿಡುವು ಇನ್ನೂ ಮುಗಿದಿಲ್ಲ. ಸಾಬರ ಅಂಗಡಿಯಲ್ಲಿ ಹೋದ ಚೀಲಗಳು ತಿರುಗಿ ಬಂದು ಗೋಡೆಯುದ್ದಕ್ಕೂ ಕೂತವು. ಅವರು ಒಂದು ದಿನವೂ ನನಗೆ ಗದರಲಿಲ್ಲ. ಗದರಿದ್ದರೆ ನನಗೆ ಹಗುರಾಗುತ್ತಿತ್ತು. ಬಹಳ ಮನೆಗಳಲ್ಲಿ ಬೀಜ ಉಳಿಯಿತು, ಹುಟ್ಟಿದ ಲೆಕ್ಕ ಹೇಳಿ ಫೋನ್ ಮಾಡಿದವರೂ ಇದ್ದರು. ಆದರೆ ನಾನು ಮುಖ ಕೊಟ್ಟು ಮಾತಾಡಲಾಗದವರು ಒಬ್ಬರಿದ್ದರು. ಚಂದ್ರಾಬಾಯಿಯ ಬೀಜ ಹೋಗಿತ್ತು. ಅವರೊಂದಿಗೆ ಅಡತಿಗೂ ಹೋಗಿ ಬಂದೆ. ಅಡತಿಯವನು ಆಳೆತ್ತರದ ರಾಶಿ ತೋರಿಸಿ, ಇದರಾಗ ಆರಿಸಿಕೊಳ್ರಿ, ಅಂದ.

ಮಿರಗ ಯಾವ ಗಳಿಗೆಯಲ್ಲಾದರೂ ಬೀಳುವಂತಿತ್ತು. ಸಾಬರು ಅಂಗಡಿಯ ಒಳ್ಳೆಯ ಬೀಜ ಕೊಡುತ್ತೇನೆ ಅಂದರು. ಚಂದ್ರಾಬಾಯಿ ಬೇಡ ಅನ್ನಲಿಲ್ಲ, ಒಯ್ಯಲೂ ಇಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದರು. ಹೋದ ವರ್ಷ ಬಿತ್ತಲಿಕ್ಕೆ ಅಂತ ತಮ್ಮ ಬೀಜ ಒಂದು ಚೀಲ ಅಕ್ಕನಿಗೆ ಕೊಟ್ಟಿದ್ದರಂತೆ, ಆ ಬೆಳೆಯಲ್ಲಿ ಆಕೆ ಈ ವರ್ಷಕ್ಕೆ ಬೀಜ ತೆಗೆದಿಟ್ಟಿರುತ್ತಾಳಂತೆ. ಅಕ್ಕ ನಾಗಮ್ಮ ಇರುವುದು ಖಟಕ ಚಿಂಚೋಳಿಯಲ್ಲಿ. "ಆಕಿನೂ ನೀರಾಗ ಇಟ್ಟಾಳೋ ಏನೋ ಗೊತ್ತಿಲ್ಲ. ನೋಡಿ ಬರ್ತೇನಿ," ಅಂದರು. ನಾನೂ ಬರ್ತೇನಿ ಅಂದೆ. ಬೇಡ ಅಂದರೂ ಹೋಗುವವಳಿದ್ದೆ.

ಭಾಲ್ಕಿಯಿಂದ ಬಸ್ಸಿನಲ್ಲಿ ಚಂದ್ರಾಬಾಯಿ ಕಿಟಕಿಯ ಹೊರಗೇ ನೋಡುತ್ತಿದ್ದರು. ಹರಗಿ ಬಿಟ್ಟ ಕರಿ ಹೊಲಗಳು ಮಳೆಗೆ ಕಾಯುತ್ತಿದ್ದವು. ಆ ಊರಿನ ಗ್ರೂಪಿಗೂ ನನ್ನ ಮೊದಲ ವಿಡಿಯೊ ಹೋಗಿತ್ತು. ನನ್ನ ಕೈಯಾರೆ ಕಳಿಸಿದ್ದು, ಮರೆಯಲು ಸಾಧ್ಯವಿರಲಿಲ್ಲ. ದಾರಿಯುದ್ದಕ್ಕೂ, ಆ ಮನೆಗೆ ಮುಟ್ಟದೇ ಇರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಈ ಕಸುಬಿಗೆ ಬಂದ ಮೇಲೆ ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ನಾಗಮ್ಮ ಅರವತ್ತು ದಾಟಿದ ಮುದುಕಿ. ಕಟ್ಟೆಯ ಮೇಲೆ ಕೂತು ತೊಗರಿ ಬೇಳೆ ಹಸನು ಮಾಡುತ್ತಿದ್ದರು. ತಂಗಿಯನ್ನು ನೋಡಿ ಮೊರ ಕೆಳಗಿಟ್ಟರು, ಆಮೇಲೆ ನನ್ನ ಕಡೆ ಗದ್ದ ತೋರಿಸಿದರು.

"ಇಕಿ ಯಾರು?"

"ಅದೇ, ಸೋಯಾ ನೀರಾಗ ಇಡ್ರಿ ಅಂತ ಹೇಳಿದಾಕಿ," ಅಂದರು ಚಂದ್ರಾಬಾಯಿ, ಇದ್ದದ್ದು ಇದ್ದ ಹಾಗೆ.

"ಸೋಯಾ ನೀರಾಗ ಯಾಕ ಇಡ್ತಾರ?"

ನಾನು ಅವ್ವನ ಮಟಕಿ ಉಸಳಿಯ ಕಥೆ ಹೇಳಿದೆ. ಮುದುಕಿ ಮೊದಲು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಎದ್ದು ನಮ್ಮನ್ನು ಒಳಗೆ ಕರೆದೊಯ್ದರು. ನೆಲದಿಂದ ಎತ್ತರಕ್ಕೆ ಹಲಗೆ ಹಾಕಿ, ಒಂದರ ಮೇಲೊಂದು ಒಟ್ಟದೆ, ಪಕ್ಕ ಪಕ್ಕದಲ್ಲಿ ಎರಡು ಚೀಲ ಇಟ್ಟಿದ್ದರು. ಮೂಲೆಯಲ್ಲಿ ಗೋಣಿಯ ಸುರುಳಿ ಇತ್ತು. ಬಿಚ್ಚಿ ತೋರಿಸಿದರು. ಸಾಲಾಗಿ ಬಿಳಿ ಮೊಳಕೆ, ನೂರರಲ್ಲಿ ಖಾಲಿ ಜಾಗ ಹುಡುಕಬೇಕಾಗಿತ್ತು. ಚಂದ್ರಾಬಾಯಿ ಚೀಲದೊಳಗೆ ಮೊಣಕೈ ತನಕ ಕೈ ಇಳಿಸಿ, ಒಂದು ಹಿಡಿ ಕಾಳು ತೆಗೆದು ಮೂಸಿ ನೋಡಿ, "ನಮ್ಮವೇ," ಅಂದರು.

"ಒಂದ್ ಚೀಲ ಒಯ್ಯಿ. ನನ್ನ ಹೊಲಕ್ಕ ಒಂದು ಸಾಕು," ಅಂದರು ಅಕ್ಕ.

ನನಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ. ತಪ್ಪಾಯಿತು ಅಂತ ಮೈಕಿನಲ್ಲಿ ಎರಡು ದಿನ ಕೂಗಿದ್ದೆ. ಚಂದ್ರಾಬಾಯಿಗೆ ಮಾತ್ರ, ಎದುರು ನಿಂತು, ಒಮ್ಮೆಯೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಅವರು ಚೀಲದ ಒಂದು ಬದಿ ನನ್ನ ಕೈಗೆ ಕೊಟ್ಟು, "ಹಿಡೀರಿ, ಎತ್ತಿ ಒಗೀಬ್ಯಾಡ್ರಿ, ಬೀಜ ಅದ," ಅಂದರು. ಇಬ್ಬರೂ ಹಿಡಿದುಕೊಂಡು ಮೆಲ್ಲಗೆ ಬಾಗಿಲು ದಾಟಿಸಿದೆವು.

ಬಸ್ ನಿಲ್ದಾಣದ ತನಕ ನಾಗಮ್ಮ ಜೊತೆಗೇ ಬಂದರು. ನಿಮಗೆ ನನ್ನ ವಿಡಿಯೊ ಯಾರೂ ತೋರಿಸಲಿಲ್ಲವಾ ಅಂತ ಕೇಳಿದೆ.

"ನನ್ನ ಬಲ್ಲಿ ಫೋನ್ ಇಲ್ಲವ್ವಾ," ಅಂದರು. "ಮುಂದ ನನಗ ಏನರ ಹೇಳೋದಿದ್ರ, ಹಿಂಗೇ ಬಸ್ ಹತ್ತಿ ಬಂದು ಹೇಳು."